ಆರು ದಿನದ ಹತ್ತಿಕಾಳು ಹಿಂಡಿ

ಕಾಕು, ಆ ತತ್ತಿಗಳು ಕೆಟ್ಟದ್ದು ನಿನ್ನ ಜೋಳದ ಗಡಿಗೆಯಿಂದಲ್ಲ, ನನ್ನ ಹಿಂಡಿಯಿಂದ. ಅದು ನನಗೆ ಅಂದೇ ಗೊತ್ತಿತ್ತು — ಇಲ್ಲ, ಪೂರ್ತಿ ಗೊತ್ತಿರಲಿಲ್ಲ, ಅನುಮಾನವಿತ್ತು. ಬಾಯಿ ಬಿಡಲು ಅಷ್ಟೇ ಸಾಕಿತ್ತು. ನಾನು ಬಿಡಲಿಲ್ಲ. ಮೂರು ವರ್ಷವಾಯಿತು.

ನಮ್ಮ ನಲವತ್ತು ಕೋಳಿಗಳಿಗೆ ಸೋಯಾ ಹಿಂಡಿಯ ಬದಲು ಸೂರ್ಯಕಾಂತಿ ಹಿಂಡಿ ಹಾಕಿ ನೋಡುತ್ತೇನೆಂದು ಮನೆಯವರೆಲ್ಲರ ಮುಂದೆ ಹೇಳಿದ್ದೆ. ಮೂವತ್ತು ದಿನ, ವಹಿಯಲ್ಲಿ ದಿನಕ್ಕೊಂದು ಸಾಲು: ಏನು ತಿಂದವು, ಎಷ್ಟು ಇಟ್ಟವು. ಹತ್ತನೆಯ ದಿನ ಹಿಂಡಿ ತೀರಿತು. ಯರಗಟ್ಟಿ ಸಂತೆಯಲ್ಲೂ ಆ ವಾರ ಸಿಗಲಿಲ್ಲ. ಎಮ್ಮೆಗೆಂದು ತಂದಿದ್ದ ಹತ್ತಿಕಾಳು ಹಿಂಡಿಯ ಚೀಲ ಕೊಟ್ಟಿಗೆಯಲ್ಲಿತ್ತು. ಆರು ದಿನ ಅದನ್ನೇ ಕುಟ್ಟಿ ಬೆರೆಸಿದೆ. ತತ್ತಿ ಕಡಿಮೆಯಾಗಲಿಲ್ಲ — ಮೂವತ್ತೊಂದು, ಮೂವತ್ತು, ಮೂವತ್ತೆರಡು. ದಿನವೂ ಒಂದನ್ನು ಒಡೆದು ನೋಡಿದೆ. ಒಳಗೆ ಹಳದಿಯಾಗಿಯೇ ಇತ್ತು. ವಹಿಯ ಸಾಲು ಕೆಡಬಾರದೆಂದು ಆ ಆರು ದಿನವೂ ‘ಸೂರ್ಯಕಾಂತಿ’ ಎಂದೇ ಬರೆದೆ.

ನೀನು ಎಂದಿನಂತೆ ಗಡಿಗೆಯಲ್ಲಿ ಜೋಳ ಹರವಿ, ಚೂಪು ತುದಿ ಕೆಳಗೆ ಮಾಡಿ, ತತ್ತಿ ಜೋಡಿಸಿಟ್ಟೆ. ಎರಡು ವಾರದ ಮೇಲೆ, ಅವನ್ನು ಕೊಂಡೊಯ್ದಿದ್ದ ಖಾನಾವಳಿಯ ಬಸಪ್ಪಣ್ಣ ಟ್ರೇ ಹಿಡಿದುಕೊಂಡು ನಮ್ಮ ಅಂಗಳಕ್ಕೇ ಬಂದ.

“ಏನ್ರಿ ಇದು, ಒಡದ್ರ ಒಳಗ ಹಸರ ಐತಿ! ಗಿಣಿ ತತ್ತಿ ಕೊಟ್ಟೀರೇನು?”

ಅಪ್ಪ ನನ್ನ ವಹಿ ತೆರೆದು ನೋಡಿದರು. “ನಡುವ ಹಿಂಡಿ ಏನೂ ಬದಲಾಗಿಲ್ಲ. ರೇಣುನ ವಹಿ ಸುಳ್ಳ ಹೇಳೂದಿಲ್ಲ. ಜ್ವಾಳದ ಕಾವಿಗೇ ಕೆಟ್ಟಿರಬೇಕು.”

ನೀನು ನನ್ನ ಕಡೆ ತಿರುಗಿದೆ. “ಹೌದೇನವಾ ರೇಣು?”

“ಇರಬಹುದು ಕಾಕು.”

ಇಷ್ಟೇ ಅಂದೆ. ಅಂದೇ ನೀನು ಜೋಳ ಸುರಿದು ಗಡಿಗೆಯನ್ನು ಅಟ್ಟದ ಮೇಲೆ ಬೋರಲು ಹಾಕಿದೆ. ಕಾವಿಗೆ ಕೂರಿಸುವ ತತ್ತಿ ಆರಿಸಲು ಓಣಿಯವರೆಲ್ಲ ನಿನ್ನನ್ನೇ ಕರೆಯುತ್ತಿದ್ದರು — ಆಮೇಲೆ ಯಾರೂ ಕರೆಯಲಿಲ್ಲ. ಅದನ್ನೂ ನಾನು ನೋಡುತ್ತಲೇ ಇದ್ದೆ.

ಈ ಸಲ ಸರಿಯಾಗಿ ಪರೀಕ್ಷೆ ಮಾಡಿದೆ. ಸೂರ್ಯಕಾಂತಿ ಹಿಂಡಿ ತಿಂದ ಕೋಳಿಗಳ ಆರು ತತ್ತಿ ಜೋಳದಲ್ಲಿ, ಹತ್ತಿಕಾಳು ಹಿಂಡಿ ತಿಂದವುಗಳ ಆರು ಬರೀ ಬುಟ್ಟಿಯಲ್ಲಿ. ಹದಿನೈದನೆಯ ದಿನ ಒಡೆದೆ. ಜೋಳದಲ್ಲಿದ್ದ ಆರೂ ಹಳದಿ. ಬುಟ್ಟಿಯವುಗಳಲ್ಲಿ ಐದು ಹಸಿರು. ಹತ್ತಿಕಾಳಿನ ಬಣ್ಣ ತಾಜಾ ತತ್ತಿಯಲ್ಲಿ ಕಾಣುವುದಿಲ್ಲ, ದಿನ ಕಳೆದ ಮೇಲೆ ಏಳುತ್ತದೆ. ಈಗ ನನಗೆ ಸಂಶಯವೇ ಇಲ್ಲ.

ಹಳೆಯ ವಹಿಯ ಆ ಆರು ಸಾಲುಗಳನ್ನು ಅಳಿಸಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಹತ್ತಿಕಾಳು’ ಎಂದು ಬರೆದಿದ್ದೇನೆ. ನಾಳೆ ತತ್ತಿ ಒಯ್ಯಲು ಬಸಪ್ಪಣ್ಣ ಬರುತ್ತಾನೆ. ಅವನ ಮುಂದೆ, ಅಪ್ಪನ ಮುಂದೆ, ಅದೇ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ. ಓಣಿಯವರು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಗಡಿಗೆ ಮತ್ತೆ ಕೆಳಗಿಳಿಸು ಎಂದು ಮಾತ್ರ ಕೇಳುವುದಿಲ್ಲ, ಕಾಕು. ಅದನ್ನು ಬೋರಲು ಹಾಕಿಸಿದವಳು ನಾನು.