ದಾರ ಕಳಚಿದ ಹಾಳೆ

ಲೆಕ್ಕದ ಮೇಷ್ಟ್ರು ಮಾತಿಗೆ ನಿಂತರೆ ಪೋಷಕರ ಸಭೆಯಲ್ಲಿ ಒಬ್ಬರೂ ಆಕಳಿಸುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಹತ್ತನೇ ಕ್ಲಾಸಿನ ಮಕ್ಕಳನ್ನೂ, ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪ-ಅಮ್ಮಂದಿರನ್ನೂ ವಾರ್ಷಿಕ ಪರೀಕ್ಷೆಗೆ ತಯಾರು ಮಾಡುವ ಕೆಲಸ ಅವರದೇ. "ಟೀವಿಗೆ ಬಟ್ಟೆ ಹೊದಿಸಿ. ನೆಂಟರು ಬಂದರೆ ನೀರು ಕೊಟ್ಟು ಕಳಿಸಿ. ಪಕ್ಕದ ಮನೆ ಹುಡುಗಿಗೆ ಎಷ್ಟು ಬಂತು ಅಂತ ಕೇಳೋ ಅಪ್ಪನ ಬಾಯಿಗೆ ಮೊದಲು ಬೀಗ ಹಾಕಿ" ಅನ್ನೋರು. ಜನ ನಗೋರು. ನಕ್ಕವರೇ ಮನೆಗೆ ಹೋಗಿ ಹಾಗೇ ಮಾಡೋರು. ಎಷ್ಟು ಕಟ್ಟು ಪೇಪರು ಕೊಟ್ಟರೂ ಕೂಡಿಸುವಲ್ಲಿ ಒಂದು ಅಂಕ ಆಚೀಚೆ ಆಗದ ಮನುಷ್ಯ ಅಂತ ಅವರಿಗೆ ಹೆಸರು. ಆ ಹೆಸರು ತಲೆಗೇರಿತ್ತು ಅಂತ ನಾನು ಹೇಳಿದರೆ ಅವರ ಹಳೇ ಶಿಷ್ಯರು ನನ್ನ ಮೇಲೆ ಮುರಕೊಂಡು ಬೀಳುತ್ತಾರೆ. ಬೀಳಲಿ.

ಆ ಸಭೆ ಮುಗಿದ ಮೇಲೆ ಇನ್ನೊಂದು ಸಭೆ ಇರುತ್ತಿತ್ತು, ಸ್ಟಾಫ್ ರೂಮಿನಲ್ಲಿ, ಬಾಗಿಲು ಮುಚ್ಚಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತೈದು ಮುಟ್ಟದವರ ಮನೆಯವರಿಗೆ ಮಾತ್ರ. "ಈ ವರ್ಷ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ, ಮಗುವಿಗೂ ಒಳ್ಳೇದು" ಅಂತ ಮೇಷ್ಟ್ರು ಮೆತ್ತಗೆ ಹೇಳಿ, ಪರೀಕ್ಷೆಯಿಂದ ಹೆಸರು ಹಿಂತೆಗೆಯುವ ಅರ್ಜಿಗೆ ಸಹಿ ಹಾಕಿಸಿಕೊಳ್ಳೋರು. ಸ್ಕೂಲಿಗೆ ನೂರಕ್ಕೆ ನೂರು ಫಲಿತಾಂಶ ಬರುತ್ತಿದ್ದದ್ದು ಹೀಗೆ. ಮುಂದಿನ ವರ್ಷ ಕಟ್ಟಿದವರು ಎಷ್ಟು ಜನ ಅಂತ ಮಾತ್ರ ಯಾರೂ ಲೆಕ್ಕ ಇಡಲಿಲ್ಲ, ಲೆಕ್ಕದ ಮೇಷ್ಟ್ರೂ ಇಡಲಿಲ್ಲ.

ಆ ವರ್ಷ ಐದು ಮನೆಯವರು ಬಂದಿದ್ದರು. ಕೊನೆಯಲ್ಲಿ, ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಕೂತವಳು ಕಾಜಾ ಅಮ್ಮ. ಅಂಗಿ ಹೊಲಿಯುವ ಅಂಗಡಿಗಳಿಂದ ಬಟ್ಟೆ ತಂದು ಮನೆಯಲ್ಲೇ ಕಾಜಾ ಹಾಕಿ ಗುಂಡಿ ಹೊಲಿದುಕೊಡುವ ಹೆಂಗಸು. ತಾನೂ ಒಂದು ಕಾಲದಲ್ಲಿ ಇದೇ ಮೇಷ್ಟ್ರ ಎದುರು ಬೆಂಚಿನ ಮೇಲೆ ಕೂತವಳು. ಅವಳ ಮಗಳಿಗೆ ಉಳಿದದ್ದೆಲ್ಲ ಪಾಸು, ಲೆಕ್ಕದಲ್ಲಿ ಮಾತ್ರ ಇಪ್ಪತ್ತೆರಡು.

"ಸಾರ್, ನಾನು ಅಡಿಷನಲ್ ಶೀಟ್ ತಗೊಂಡಿದ್ದೆ" ಅಂತ ಹುಡುಗಿ ಎದ್ದು ನಿಂತಳು. "ಅದರಲ್ಲಿ ಮೂರು ದೊಡ್ಡ ಲೆಕ್ಕ, ಒಂದು ಪ್ರಮೇಯ ಬರೆದಿದ್ದೆ. ಸರಿ ಇತ್ತು ಸಾರ್."

"ಹಾಳೆ ತಗೊಂಡವರಿಗೆಲ್ಲ ಮಾರ್ಕ್ಸ್ ಬರೋ ಹಾಗಿದ್ರೆ ಪೇಪರ್ ಅಂಗಡಿಯವನಿಗೆ ಮೊದಲನೇ ರ್‍ಯಾಂಕ್ ಬರಬೇಕಿತ್ತು ಕಣಮ್ಮಾ!"

ಎಲ್ಲರೂ ನಕ್ಕರು. ತಮ್ಮ ಮಕ್ಕಳ ಹೆಸರು ತೆಗೆಸಿ ಕೂತವರೂ ನಕ್ಕರು. ಕಾಜಾ ಅಮ್ಮ ಮಗಳ ತೋಳು ಜಗ್ಗಿ, "ಸುಮ್ನೆ ಕೂತ್ಕೊಳ್ಳೇ. ಮೇಷ್ಟ್ರಿಗಿಂತ ಜಾಸ್ತಿ ಗೊತ್ತಾ ನಿಂಗೆ?" ಅಂದು, ಅರ್ಜಿಯಲ್ಲಿ ಏನಿದೆ ಅಂತಲೂ ನೋಡದೆ ಸಹಿ ಹಾಕಿದಳು. ಪೇಪರ್ ತೋರಿಸಿ ಅಂತ ಕೇಳುವ ಧೈರ್ಯ ಹುಡುಗಿಗೆ ಬರಲಿಲ್ಲ. ನಗುವವರ ನಡುವೆ ಯಾರಿಗೆ ತಾನೆ ಬರುತ್ತೆ?

ಒಂಬತ್ತು ದಿನ ಕಳೆದು, ಒಂದು ಬುಧವಾರ, ಹಳೇ ಪೇಪರುಗಳನ್ನು ಕಟ್ಟಿ ಬೀರುವಿಗೆ ಸೇರಿಸುವಾಗ ಮೇಷ್ಟ್ರ ಕೈಗೆ ಆ ಹಾಳೆ ಸಿಕ್ಕಿತು. ಬೇರೆ ವಿಭಾಗದ ಕಟ್ಟಿನಲ್ಲಿ, ಎರಡು ಪೇಪರುಗಳ ನಡುವೆ ಸಿಕ್ಕಿಕೊಂಡಿತ್ತು. ದಾರ ಪೋಣಿಸಿದ ತೂತು ಹರಿದಿತ್ತು. ಮೇಲೆ ಹುಡುಗಿಯ ನಂಬರು. ಮೇಷ್ಟ್ರು ನಿಂತಲ್ಲೇ ಕೆಂಪು ಪೆನ್ನು ತೆಗೆದು ತಿದ್ದಿದರು. ಒಂದು ಲೆಕ್ಕದ ಕೊನೆಯಲ್ಲಿ ಸಣ್ಣ ಎಡವಟ್ಟು. ಪ್ರಮೇಯದಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಹತ್ತೊಂಬತ್ತು ಅಂಕ. ಇಪ್ಪತ್ತೆರಡಕ್ಕೆ ಕೂಡಿಸಿದರು: ನಲವತ್ತೊಂದು. ಬೆರಳು ಮಡಿಸಿ ಮತ್ತೊಮ್ಮೆ ಕೂಡಿಸಿದರು. ಅಷ್ಟೇ ಬಂತು. ಹಾಳೆ ಹಿಡಿದು ಹೆಡ್‌ಮೇಡಂ ಕೋಣೆಗೆ ನಡೆದರು.

ಹೆಡ್‌ಮೇಡಂ ಹಾಳೆ ನೋಡಿ ಸುತ್ತಿ ಬಳಸಿ ಮಾತಾಡಲಿಲ್ಲ. "ಬೋರ್ಡಿಗೆ ತಿದ್ದುಪಡಿ ಕಳಿಸೋಕೆ ಶುಕ್ರವಾರದ ತನಕ ಟೈಮಿದೆ. ತಪ್ಪು ನಿಮ್ಮದು ಅಂತ ನೀವು ಬರೆದುಕೊಡಬೇಕು, ತಾಯಿ ಇನ್ನೊಂದು ಸಹಿ ಹಾಕಬೇಕು. ಆಮೇಲೆ ಉಳಿದ ನಾಲ್ಕು ಮನೆಯವರೂ ಬಂದು ನಮ್ಮ ಪೇಪರೂ ತೋರಿಸಿ ಅಂತಾರೆ. ಯೋಚನೆ ಮಾಡಿ ಮೇಷ್ಟ್ರೇ."

ಯೋಚನೆ ಮಾಡಲಿಲ್ಲ ಅನ್ನುವ ಹಾಗಿಲ್ಲ. ಅವತ್ತೇ ಸಂಜೆ ತಪ್ಪೊಪ್ಪಿಗೆ ಬರೆದು, ಹಾಳೆಯ ಜೊತೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಕಾಜಾ ಅಮ್ಮನ ಮನೆಗೆ ಹೊರಟರು. ದಾರಿಯುದ್ದಕ್ಕೂ "ತಪ್ಪು ನನ್ನದು, ತಪ್ಪು ನನ್ನದು" ಅಂತ ಹುಡುಗರು ಮಗ್ಗಿ ಬಾಯಿಪಾಠ ಮಾಡುವ ಹಾಗೆ ಹೇಳಿಕೊಂಡೇ ನಡೆದರು.

ಒಂದೇ ಕೋಣೆ. ಗೋಡೆಗೆ ಒತ್ತಿ ಅಂಗಿಗಳ ರಾಶಿ, ನೆಲದ ಮೇಲೆ ಗುಂಡಿಗಳ ಡಬ್ಬ, ಕಿಟಕಿ ಬೆಳಕಿಗೆ ಬೆನ್ನು ಕೊಟ್ಟು ಮಗಳು. ಅವಳ ಕೈಯಲ್ಲಿ ಸೂಜಿ. ಕಾಜಾ ಅಮ್ಮ ಇದ್ದೊಂದು ಕುರ್ಚಿ ಒರೆಸಿ ಕೂರಿಸಿದಳು.

"ನಮ್ಮನೆ ತನಕ ಬಂದ್ರಲ್ಲ ಮೇಷ್ಟ್ರೇ! ಇವಳು ಮೂರು ದಿನ ಊಟ ಬಿಟ್ಟಿದ್ಲು, ನನ್ನ ಹಾಳೆ ನೋಡೇ ಇಲ್ಲ ಅಂತ ಒಂದೇ ಹಟ. ಸರಿಯಾಗಿ ಬೈದೆ. ಮೇಷ್ಟ್ರು ಕೂಡಿಸಿದ್ದು ಯಾವತ್ತಾದ್ರೂ ತಪ್ಪಿದ್ದುಂಟೇನೇ, ನಮ್ಮ ಕಾಲದಿಂದ ನೋಡಿದೀನಿ ಅಂದೆ. ಆಮೇಲೆ ದಾರಿಗೆ ಬಂದ್ಲು."

ಮೇಷ್ಟ್ರ ಕೈ ಜೇಬಿನೊಳಗೆ ಹೋಗಿ ಅಲ್ಲೇ ನಿಂತಿತು. ಒಂದು ಮಾತು ಸಾಕಿತ್ತು. ಹುಡುಗಿ ಓದುತ್ತಿದ್ದಳು, ತಾಯಿ ಒಂದು ಗಳಿಗೆ ಪೆಚ್ಚಾಗುತ್ತಿದ್ದಳು, ಊರು ನಾಲ್ಕು ದಿನ ಆಡಿಕೊಳ್ಳುತ್ತಿತ್ತು, ಅಷ್ಟೇ ತಾನೆ? ಆ ನಾಲ್ಕು ದಿನಕ್ಕೆ ಹೆದರಿದರು ಪುಣ್ಯಾತ್ಮರು.

"ಮುಂದಿನ ವರ್ಷ ಕಟ್ತೀಯಲ್ಲಮ್ಮ?" ಅಂತ ಕೇಳಿದರು.

"ಇಲ್ಲ ಸಾರ್." ಹುಡುಗಿ ತಲೆ ಎತ್ತಲಿಲ್ಲ. "ಆ ಪ್ರಮೇಯ ಸರಿ ಅಂತ ನಂಗೆ ಖಾತ್ರಿ ಇತ್ತು. ಮನೆಗೆ ಬಂದು ಪುಸ್ತಕ ತೆಗೆದೂ ನೋಡಿದ್ದೆ. ಅಷ್ಟು ಖಾತ್ರಿ ಇದ್ದದ್ದೇ ತಪ್ಪು ಅಂದ್ಮೇಲೆ ನನ್ನ ತಲೆ ಮೇಲೆ ನಂಗೇ ನಂಬಿಕೆ ಹೋಯ್ತು. ಸರಿ ಯಾವುದು ಅಂತಲೇ ಗೊತ್ತಾಗ್ದೆ ಇರೋಳು ಏನಂತ ಓದ್ಲಿ ಸಾರ್?"

ಕಾಜಾ ಅಮ್ಮ ಮೇಷ್ಟ್ರ ಮುಖ ನೋಡಿದಳು. "ನೀವೇ ಹೇಳಿ ಮೇಷ್ಟ್ರೇ, ನೀವು ಹೇಳಿದ ಹಾಗೆ ಮಾಡ್ತೀವಿ."

ಮೇಷ್ಟ್ರು ಜೇಬಿನಿಂದ ಕೈ ತೆಗೆದರು. ಕೈ ಬರಿದಾಗಿತ್ತು.

"ಕೆಲವರಿಗೆ ತಲೆಗಿಂತ ಕೈ ಚುರುಕು ಇರುತ್ತಮ್ಮ" ಅಂದರು. "ಅದೂ ಬದುಕೇ."

ಹುಡುಗಿ "ಹೌದು ಸಾರ್" ಅಂದು ಇನ್ನೊಂದು ಅಂಗಿ ಎಳೆದುಕೊಂಡಳು. ಶುಕ್ರವಾರ ಬಂತು, ಹೋಯಿತು.