ಮುರ್ಶಿದಾ ಒಪ್ಪಿಕೊಂಡ ತಪ್ಪು

ಕರಾವಳಿಯ ಹೂಡೆ ಊರಿನ ಮುರ್ಶಿದಾ ಮಣಿಪಾಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ವಯಸ್ಸು ಮೂವತ್ತೊಂದು. ಎಂ.ಎಸ್ಸಿ. ಓದುವಾಗ ತನ್ನೂರಿನ ಹೊಳೆಯ ಮರುವಾಯಿಗಳ ಬಗ್ಗೆ, ಅಂದರೆ ಕೆಸರಿನೊಳಗೆ ಬದುಕುವ ಆ ಚಿಪ್ಪುಜೀವಿಗಳ ಬಗ್ಗೆ ಪ್ರಬಂಧ ಬರೆದಿದ್ದಳು. ಅದನ್ನೇ ಮುಂದುವರಿಸಿ ಯುರೋಪಿನಲ್ಲಿ ಪಿಎಚ್‌ಡಿ ಮಾಡಬೇಕೆಂದು ಎರಡು ವರ್ಷ ಕಂಡಕಂಡ ಪ್ರೊಫೆಸರರಿಗೆಲ್ಲ ಒಂದೇ ಪತ್ರ ಕಳಿಸಿದಳು. ಒಬ್ಬರೂ ಉತ್ತರಿಸಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಆ ಪತ್ರವನ್ನು ರೇಚಲ್ ಮೇಡಂಗೆ ತೋರಿಸಿದಳು. ಅವರು ಅದೇ ಕಾಲೇಜಿನ ಅಧ್ಯಾಪಕಿ, ಜರ್ಮನಿಯಲ್ಲಿ ಓದಿ ಬಂದವರು.

“‘ಕಷ್ಟಪಟ್ಟು ದುಡಿಯುತ್ತೇನೆ, ಅವಕಾಶ ಕೊಡಿ.’ ಇಷ್ಟೇ ಅಲ್ವಾ ಇರುವುದು?” ಎಂದರು ರೇಚಲ್. “ಇದನ್ನು ಯಾರು ಬೇಕಾದರೂ ಬರೆಯಬಹುದು ಮಾರಾಯ್ತಿ. ಅಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ಸಂಬಳದ ಕೆಲಸ, ಜಾಹೀರಾತು ಹಾಕಿಯೇ ತೆಗೆದುಕೊಳ್ಳುತ್ತಾರೆ. ಅವರಿಗೆ ಎಂತ ಬೇಕು ಅಂತ ಮೊದಲು ಓದು. ಅದಕ್ಕೆ ನಿನ್ನ ಹತ್ತಿರ ಎಂತ ಉಂಟು ಅಂತ ಬರೆ.”

ಆಮೇಲೆ ಮುರ್ಶಿದಾ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಜಾಹೀರಾತುಗಳನ್ನು ಓದತೊಡಗಿದಳು. ಏಳು ತಿಂಗಳಲ್ಲಿ ಮೂರಕ್ಕೆ ಮಾತ್ರ ಅರ್ಜಿ ಹಾಕಿದಳು. ಮೂರನೆಯದು ಪೋರ್ಚುಗಲ್‌ನದು. ನೀರಿನಲ್ಲಿ ಉಪ್ಪು ಕಡಿಮೆಯಾದಾಗ ಚಿಪ್ಪುಜೀವಿಗಳು ಏನಾಗುತ್ತವೆ ಎಂಬ ಅಧ್ಯಯನ. ಅಲ್ಲಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು.

ಪರದೆಯಲ್ಲಿ ಮೂವರಿದ್ದರು. ನಡುವೆ ಕುಳಿತ ಪ್ರೊಫೆಸರಮ್ಮ ಅವಳ ಪ್ರಬಂಧ ಓದಿಕೊಂಡೇ ಬಂದಿದ್ದರು.

“ಮಳೆಗಾಲದಲ್ಲಿ ಸಣ್ಣ ಮರುವಾಯಿಗಳೆಲ್ಲ ಸಾಯುತ್ತವೆ ಎಂದು ಬರೆದಿದ್ದೀರಿ. ಸತ್ತವುಗಳ ಚಿಪ್ಪು ಸಿಕ್ಕಿತೇ?”



“ಇಲ್ಲ,” ಎಂದಳು ಮುರ್ಶಿದಾ. “ನಮ್ಮ ನೆರೆಮನೆಯ ಬೇಬಿಯಕ್ಕ ಮರುವಾಯಿ ಹೆಕ್ಕುವವರು. ಅವು ಸಾಯುವುದಿಲ್ಲ, ಕೆಸರಿನ ಆಳಕ್ಕೆ ಇಳಿಯುತ್ತವೆ ಎಂದು ಅವರು ಆಗಲೇ ಹೇಳಿದ್ದರು. ಯಾವ ಪುಸ್ತಕದಲ್ಲೂ ಅದಿಲ್ಲವೆಂದು ನಾನು ಬಿಟ್ಟುಬಿಟ್ಟೆ. ನಾನು ಅಗೆದು ನೋಡಿದ್ದು ಗೇಣುದ್ದ ಮಾತ್ರ. ಅದು ನನ್ನದೇ ತಪ್ಪು.”

ಮೂವರೂ ಏನೋ ಬರೆದುಕೊಂಡರು. ಕೆಲಸ ಕೈತಪ್ಪಿತೆಂದುಕೊಂಡೇ ಅವಳು ಎದ್ದಳು. ನಡೆದದ್ದನ್ನು ತಾಯಿ ಕುಂಞಿಪಾತುಮ್ಮರಿಗೆ ಹೇಳಿದಾಗ ಅವರು, “ಹಾಗಾದರೆ ಈಗಲಾದರೂ ಅಗೆದು ನೋಡು,” ಎಂದರು.

ಆ ಮಳೆಗಾಲದಲ್ಲೇ, ಮಳೆ ಬಿಡುವು ಕೊಟ್ಟ ಒಂದು ಭಾನುವಾರ, ನೀರು ಇಳಿದ ಹೊತ್ತಿಗೆ, ಮುರ್ಶಿದಾ ಬೇಬಿಯ ಜೊತೆ ಹೊಳೆಗೆ ಹೋದಳು. ಐದು ಕಡೆ ಮೊಣಕೈ ಮುಳುಗುವಷ್ಟು ಅಗೆದರು. ಎರಡು ಕಡೆ ಕಡಲೆಕಾಳಿನಷ್ಟು ಸಣ್ಣ ಮರುವಾಯಿಗಳು ಜೀವಂತವಾಗಿ ಸಿಕ್ಕಿದವು. ಉಳಿದ ಮೂರು ಕಡೆ ಬರೀ ಕೆಸರು.

“ಎರಡೇ ಕಡೆಯಾ? ನೀನು ಸರಿ ಅಗೆಯಲಿಲ್ಲ,” ಎಂದು ಬೇಬಿ ಗದರಿದರು.

ಸಿಕ್ಕಿದ್ದು, ಸಿಗದಿದ್ದು ಎರಡನ್ನೂ ಬರೆದು ಮುರ್ಶಿದಾ ಪ್ರೊಫೆಸರಮ್ಮನಿಗೆ ಕಳಿಸಿದಳು. ಕೆಲಸದ ಮಾತೆತ್ತಲಿಲ್ಲ. ಅವರ ಪ್ರಶ್ನೆಗೆ ಉತ್ತರ ಕೊಡದೆ ಅವಳಿಗೆ ಸಮಾಧಾನವಿರಲಿಲ್ಲ, ಅಷ್ಟೆ.

ಮೂರು ವಾರಗಳ ನಂತರ ಮುರ್ಶಿದಾ ಆಯ್ಕೆಯಾಗಿದ್ದಾಳೆಂಬ ಪತ್ರ ಬಂತು. ಕುಂಞಿಪಾತುಮ್ಮ ಅದನ್ನು ಎರಡು ಸಲ ಓದಿಸಿಕೊಂಡರು. “ಮರುವಾಯಿ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ?” ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮುರ್ಶಿದಾ ಪೋರ್ಚುಗಲ್‌ಗೆ ಹೋಗಿ ಒಂದು ವರ್ಷ ದಾಟಿತು. ಹಗಲೆಲ್ಲ ಕೆಸರಿನ ಕೆಲಸ. ಅಲ್ಲಿಯೂ ಚಿಪ್ಪು ಹೆಕ್ಕುವ ಹೆಂಗಸರಿದ್ದಾರೆ. ಅವರು ತಮ್ಮೊಳಗೆ ಆಡುವ ಮಾತು ತಿಳಿಯಬೇಕೆಂದು ಅವಳು ವಾರಕ್ಕೆ ಮೂರು ಸಂಜೆ ಪೋರ್ಚುಗೀಸ್ ತರಗತಿಗೆ ಹೋಗುತ್ತಾಳೆ.