ಕರೆಮ್ಮ ಕೊಯ್ದ ಮೂರನೆಯ ಬಾಲ

ಬೋನಾಳದ ಕೆರೆಯ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಕೆರೆಯ ಏರಿಯ ಮೇಲೆ ಕರೆಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತನ್ನಷ್ಟೇ ಉದ್ದದ ರೆಕ್ಕೆಯ ಬಿಳಿ ವಿಮಾನವನ್ನು ತಲೆಯ ಮೇಲೆತ್ತಿ ನಿಂತಿದ್ದಾರೆ. ಇದಕ್ಕೆ ಎಂಜಿನ್ ಇಲ್ಲ. ಗಾಳಿಯಲ್ಲಿ ತೇಲುವ ಗ್ಲೈಡರ್ ಇದು. ಹಳೆಯ ಕಾಲದ ಅಸಲಿ ಗ್ಲೈಡರೊಂದನ್ನು ಅಳತೆ ತಪ್ಪದೆ ಚಿಕ್ಕದು ಮಾಡಿದ ಮಾದರಿ. ಅವರ ಹಿಂದೆ ನಿವೃತ್ತ ಚಿತ್ರಕಲಾ ಶಿಕ್ಷಕ ಜಗದೇವಪ್ಪ ರಿಮೋಟ್ ಹಿಡಿದಿದ್ದಾರೆ.

"ಬಿಡ್ಲೇನ್ರಿ ಮಾಸ್ತರ?"

"ತಡಿಯವ್ವ, ಗಾಳಿ ಬರ್ಲಿ."

ನಾಳೆ ಶಹಾಪುರದಲ್ಲಿ ಶಾಲೆ ಮಕ್ಕಳ ಮುಂದೆ ಇದು ಹಾರಬೇಕು. ಈಗಾಗಲೇ ಎರಡು ಸಲ ಬಿದ್ದು ಮೂಗು ಮುರಿದುಕೊಂಡಿದೆ. ಮತ್ತೆ ಬಿದ್ದರೆ ರಿಪೇರಿಗೆ ಹೊತ್ತಿಲ್ಲ.

ಕರೆಮ್ಮನ ಕಸುಬು ಥರ್ಮಾಕೋಲ್ ಕೊಯ್ಯುವುದು. ಮೊದಲು ಹತ್ತಿ ಬಿಡಿಸಲು ಹೋಗುತ್ತಿದ್ದ ಅವರಿಗೆ ಸೊಂಟನೋವು ಬಂದು ಬಗ್ಗಲಾಗದೆ ಹೋದಾಗ, ಸುರಪುರದಲ್ಲಿ ಮದುವೆ ಮಂಟಪ ಸಿಂಗರಿಸುವ ಶರೀಫಸಾಬರ ಅಂಗಡಿಯಲ್ಲಿ ಕೆಲಸ ಕಲಿತರು. ಕರೆಂಟಿನಿಂದ ಕಾದ ತಂತಿಯಲ್ಲಿ ನವಿಲು, ಕಮಲ, ಮದುಮಕ್ಕಳ ಹೆಸರು ಕೊಯ್ಯುತ್ತಾರೆ. ಬೆರಳ ತುಂಬ ಸುಟ್ಟ ಗೆರೆಗಳು. "ಮದುವಿ ಮುಗೀತಂದ್ರ ಮರುದಿನ ನನ್ನ ನವಿಲು ತಿಪ್ಪ್ಯಾಗ ಬಿದ್ದಿರ್ತದ್ರಿ" ಎಂದು ನಗುತ್ತಾರೆ.

ಅಂಥದೊಂದು ನವಿಲಿನ ಕೊರಳ ತಿರುವು ಕಂಡು ಜಗದೇವಪ್ಪ ಅವರನ್ನು ಹುಡುಕಿಕೊಂಡು ಬಂದರು. "ಈ ಕೈ ರೆಕ್ಕಿನೂ ಕೊಯ್ತದ ಅನ್ನಿಸ್ತು" ಎನ್ನುತ್ತಾರೆ ಅವರು. ಮಳೆಗಾಲವಿಡೀ ಇಬ್ಬರೂ ಕೂತು ಥರ್ಮಾಕೋಲಿನಲ್ಲೇ ಈ ಗ್ಲೈಡರ್ ಕಟ್ಟಿದರು. ರೆಕ್ಕೆ ಚೆನ್ನಾಗಿಯೇ ಬಂತು. ಕಾಡಿದ್ದು ಹಿಂಬದಿಯ ಪುಟ್ಟ ಅಡ್ಡರೆಕ್ಕೆ, ಅಂದರೆ ಬಾಲ. ಅದನ್ನು ದೊಡ್ಡದು ಮಾಡಿದರೆ ಹಾರಾಟ ಸ್ಥಿರವಾಗುತ್ತದೆ, ಆದರೆ ಅಸಲಿಯ ಹೋಲಿಕೆ ಕೆಡುತ್ತದೆ. ಬದಲಿಸಬಹುದಾದದ್ದು ಉಬ್ಬಿನ ಆಕಾರ ಮಾತ್ರ.

ಮೊದಲ ಬಾಲವನ್ನು ರೆಕ್ಕೆಯಂತೆಯೇ ಕೊಯ್ದರು: ಮೇಲೆ ಉಬ್ಬು, ಕೆಳಗೆ ಸಪಾಟು. ವೇಗ ಏರಿದಂತೆ ಬಾಲ ಮೇಲೆದ್ದು, ಮೂಗು ಕೆಳಗಾಗಿ ಗ್ಲೈಡರ್ ಭತ್ತದ ಗದ್ದೆಗೆ ನುಗ್ಗಿತು. ಎರಡನೆಯದು ಬರೀ ಚಪ್ಪಟೆ ಹಾಳೆ. ಅದು ಗಾಳಿಗೆ ನಡುಗಿತು, ರಿಮೋಟಿನ ಮಾತು ಕೇಳದೆ ಮತ್ತೆ ನೆಲಕ್ಕೆ ಬಿತ್ತು. ಬೇಸತ್ತ ಜಗದೇವಪ್ಪ, ಹಾರಿಸುವುದೇ ಬೇಡ, ಮಕ್ಕಳಿಗೆ ಮೇಜಿನ ಮೇಲಿಟ್ಟು ತೋರಿಸೋಣ ಎಂದರಂತೆ.

"ನಾ ಒಪ್ಪಲಿಲ್ರಿ" ಎನ್ನುತ್ತಾರೆ ಕರೆಮ್ಮ. "ಉಬ್ಬು ಒಂದೇ ಕಡಿ ಇದ್ರ ಬಾಲ ಆ ಕಡಿನೇ ಎಳೀತದ. ಎರಡೂ ಕಡಿ ಸಮ ಉಬ್ಬಿಸಿ ನೋಡೂಣ ಅಂದೆ. ಮಾಸ್ತರು ಮತ್ತ ಪೆನ್ಸಿಲ್ ಹಿಡದ್ರು." ಅವರು ಬರೆದ ತೆಳ್ಳನೆಯ ಬಾಲದ ನಕ್ಷೆಗೆ ಇವರು ತಗಡಿನ ಅಚ್ಚು ಕತ್ತರಿಸಿ, ಅದರಂತೆ ಮೂರನೆಯ ಬಾಲ ಕೊಯ್ದರು. ತೆಳ್ಳಗಿನದು ಮುರಿಯದಿರಲೆಂದು ಒಳಗೊಂದು ಬಿದಿರ ಕಡ್ಡಿ ಕೂರಿಸಿದರು.

ಗಾಳಿ ಬರುತ್ತದೆ. ಕರೆಮ್ಮ ಓಡಿ ಕೈಬಿಡುತ್ತಾರೆ. ಗ್ಲೈಡರ್ ಒಮ್ಮೆ ಕೆಳಗಿಳಿಯುತ್ತದೆ. ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಕಣ್ಣ ತೆರಿ! ನಾ ಏನೂ ಒತ್ತಿಲ್ಲ, ತಾನಾ ಹಾರಾಕತ್ತದ!" ಜಗದೇವಪ್ಪ ಕೂಗುತ್ತಾರೆ.

ಗ್ಲೈಡರ್ ಏರಿಯುದ್ದಕ್ಕೂ ನೆಟ್ಟಗೆ ಸಾಗಿ, ಆಮೇಲೆ ರಿಮೋಟಿನ ಮಾತು ಕೇಳಿ ನೀರಿನ ಮೇಲಿಂದ ತಿರುಗಿ, ವೇಗ ಹೆಚ್ಚಿದರೂ ಮೂಗು ತಗ್ಗಿಸದೆ ಮರಳಿ ಬಂದು ಹುಲ್ಲಿನ ಮೇಲೆ ಇಳಿಯುತ್ತದೆ. ಕರೆಮ್ಮ ಚಪ್ಪಾಳೆ ತಟ್ಟಿಕೊಂಡು ಅದರತ್ತ ಓಡುತ್ತಾರೆ.

ಮುಂದೇನು ಆಸೆ ಎಂದು ಕರೆಮ್ಮನನ್ನು ಕೇಳುತ್ತೇನೆ.

"ಇದಕ್ಕಿಂತ ದೊಡ್ಡದು ಮಾಡಬೇಕ್ರಿ. ನಮ್ಮನಿ ಬಾಗಿಲದಾಗ ಹಿಡಿಸಬಾರ್ದು, ಅಷ್ಟು ದೊಡ್ಡದು."

"ಮತ್ತ ಹೊರಗ ಹೆಂಗ ತರ್ತಿಯವ್ವ?" ಜಗದೇವಪ್ಪನವರಿಗೆ ಚಿಂತೆ.

"ಅಂಗಳದಾಗ ಕುಂತು ಮಾಡ್ತೀನ್ರಿ ಮಾಸ್ತರ. ಓಣಿ ಮಂದಿನೂ ನೋಡ್ಲಿ."